ಐವತ್ತು ರೂಪಾಯಿ ಬಾಕಿ

ದೇವೇಂದ್ರಪ್ಪನವರು ದೆಹಲಿಯ ಮುನಿರ್ಕಾದ ಆ ಇಕ್ಕಟ್ಟು ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿ ಬಂದು ಅಹಲ್ಯಾಳ ಬಾಗಿಲಲ್ಲಿ ನಿಂತದ್ದು ಯುದ್ಧ ಗೆದ್ದು ಬಂದವರ ಹಾಗೆ.

"ಗೆದ್ದೆ ಕಣಮ್ಮಾ! ಚೀಟಿ ನಿನಗೇ ಬಂತು. ಆ ಕೊಡಗಿನ ಹುಡುಗ ಬಿಡಲೇ ಇಲ್ಲ. ನಾನು ಬಿಡ್ತೀನಾ?"

"ಎಷ್ಟಕ್ಕೆ ಕೂಗಿದ್ರಿ ಅಂಕಲ್?"

"ಏಳು ಸಾವಿರ!"

ಅಹಲ್ಯಾಳ ಕೈಯಲ್ಲಿದ್ದ ನೀರಿನ ಲೋಟ ಹಾಗೇ ನಿಂತಿತು. ನಾಲ್ಕು ಸಾವಿರ ದಾಟಬೇಡಿ ಎಂದು ಅವಳು ಬಿಡಿಸಿ ಬಿಡಿಸಿ ಹೇಳಿದ್ದಳು.

ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ದೇವೇಂದ್ರಪ್ಪನವರ ಹೆಂಡತಿ ಸುಶೀಲಮ್ಮ ನಡೆಸುತ್ತಿದ್ದ ಚೀಟಿ ಅದು. ಇಪ್ಪತ್ತು ಕನ್ನಡದ ಮನೆಗಳು, ತಿಂಗಳಿಗೆ ಸಾವಿರ. ಮೊದಲ ಭಾನುವಾರ ಉಪ್ಪಿಟ್ಟು, ಕಾಫಿ, ಆಮೇಲೆ ಹರಾಜು. ಯಾರು ಹೆಚ್ಚು ನಷ್ಟ ಒಪ್ಪಿಕೊಂಡು ಕೂಗುತ್ತಾರೋ ಆ ತಿಂಗಳ ಗಂಟು ಅವರಿಗೆ. ಅವರು ಬಿಟ್ಟುಕೊಟ್ಟ ಹಣ ಎಲ್ಲರಿಗೂ ಸಮನಾಗಿ ಹಂಚಿಕೆ. ಆ ಭಾನುವಾರ, ತಾನು ಟೈಪಿಸ್ಟಾಗಿದ್ದ ವಕೀಲರು ಆಫೀಸಿಗೆ ಕರೆದಿದ್ದರಿಂದ ಅಹಲ್ಯಾ ತನ್ನ ಪರವಾಗಿ ಕೂಗಲು ದೇವೇಂದ್ರಪ್ಪನವರನ್ನು ಕೇಳಿಕೊಂಡಿದ್ದಳು. ಅದೂ ಗುಟ್ಟಾಗಿ. ಒಂಟಿ ಹೆಂಗಸಿಗೆ ದುಡ್ಡಿನ ಅವಸರ ಎಂದು ಗೊತ್ತಾದರೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ.

ಪಾಪ, ದೇವೇಂದ್ರಪ್ಪನವರದು ಕೆಟ್ಟ ಮನಸ್ಸಲ್ಲ. ಆದರೆ ಎದುರಿಗೊಬ್ಬ ಜಿದ್ದಿಗೆ ಬಿದ್ದನೆಂದರೆ ಗಂಡಸರಿಗೆ ತಾವು ಯಾರ ದುಡ್ಡು ಕೂಗುತ್ತಿದ್ದೇವೆ ಎನ್ನುವುದು ಎಲ್ಲಿ ನೆನಪಿರುತ್ತದೆ? ಸುಶೀಲಮ್ಮ ಅಡುಗೆಮನೆ ಬಾಗಿಲಿನಿಂದ ಮಾಡಿದ ಕಣ್ಸನ್ನೆಯೂ ಅವರಿಗೆ ಕಾಣಲಿಲ್ಲ.

ಈಗ ಅಹಲ್ಯಾಳ ಕೈಗೆ ಬರುವುದು ಹದಿಮೂರು ಸಾವಿರ. ಲಕ್ಷ್ಮೀ ನಗರದ ಕಂಪ್ಯೂಟರ್ ಅಕೌಂಟ್ಸ್ ಕೋರ್ಸಿಗೆ ಹದಿನಾರು ಬೇಕು, ಅದೂ ಶನಿವಾರದೊಳಗೆ, ಪೂರ್ತಿ. ವಕೀಲರು ಆಗಲೇ ಹೇಳಿಬಿಟ್ಟಿದ್ದರು: ಮಾರ್ಚ್ ಆದ ಮೇಲೆ ಆಫೀಸಿನಲ್ಲಿ ಟೈಪ್‌ರೈಟರೂ ಇಲ್ಲ, ಟೈಪಿಸ್ಟೂ ಇಲ್ಲ. ಗಂಡ ಬಿಟ್ಟುಹೋದಾಗ ತನ್ನ ವಿಚ್ಛೇದನದ ಅರ್ಜಿಯನ್ನು ಒಂದಕ್ಷರ ತಪ್ಪಿಲ್ಲದೆ ತಾನೇ ಟೈಪ್ ಮಾಡಿದ ಹೆಣ್ಣು ಅಹಲ್ಯಾ. ಸುಮ್ಮನೆ ಅಳುತ್ತ ಕೂರುವ ಪೈಕಿ ಅಲ್ಲ. ಆದರೂ ಅಂದು ಎರಡನೇ ಕ್ಲಾಸಿನ ಮಗಳು ಸ್ಫೂರ್ತಿಗೆ ಜಡೆ ಹಾಕುವಾಗ ಎಳೆಗಳನ್ನು ಎಳೆದೆಳೆದು ಬಿಗಿದಳು.

"ಮಮ್ಮಿ, ಧೀರೇ! ಕೂದಲು ಎಳೀತಿದೆ," ಎಂದಳು ಸ್ಫೂರ್ತಿ.

"ಸಾರಿ ಪುಟ್ಟಾ. ಬೇರೆಯವರ ಜುಟ್ಟು ಹಿಡಿಯೋದಿತ್ತು, ನಿನ್ನದು ಸಿಕ್ತು."

*

ಆ ಕೊಡಗಿನ ಹುಡುಗ ಹುಡುಗನೇನೂ ಅಲ್ಲ. ಮೂವತ್ತೇಳು ದಾಟಿದ ಬಿದ್ದಯ್ಯ. ಸೇನೆಯ ಸಿಗ್ನಲ್ಸ್‌ನಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದವನು. ಈಗ ಹೌಜ್ ಖಾಸ್‌ನ ಕ್ಯಾಂಪಸ್ಸೊಂದರ ಟೆಲಿಫೋನ್ ಎಕ್ಸ್‌ಚೇಂಜ್ ನೋಡಿಕೊಳ್ಳುತ್ತಿದ್ದ. ಮದುವೆಯಾಗಿರಲಿಲ್ಲ. ಚೀಟಿಯ ವಿಷಯದಲ್ಲಿ ಶುದ್ಧ ಅಮಾಯಕ. ಸೇರಿದ ದಿನವೇ ತುಂಬಿದ ಸಭೆಯಲ್ಲಿ, "ಅಹಲ್ಯಾ ಅವರ ಜೊತೆ ಅರ್ಧ ಅರ್ಧ ಸೇರಬಹುದಾ?" ಎಂದು ಕೇಳಿದ್ದ. "ಅರ್ಧ ಚೀಟಿ ಒಂದೇ ಮನೆಯವರಿಗೆ ಮಾತ್ರ ಕಣಪ್ಪಾ," ಎಂದಿದ್ದರು ಸುಶೀಲಮ್ಮ. "ನಾಳೆ ಬಾಕಿ ಬಿದ್ರೆ ನಾನು ಯಾರ ಬಾಗಿಲು ತಟ್ಟಲಿ?" ಇಡೀ ಕೋಣೆ ನಕ್ಕಿತ್ತು. ಬಿದ್ದಯ್ಯನ ಕಿವಿ ಕೆಂಪಾಗಿತ್ತು. ಅಹಲ್ಯಾ ಕಾಫಿ ಲೋಟದ ಮರೆಯಲ್ಲಿ ಮುಖ ಮುಚ್ಚಿಕೊಂಡಿದ್ದಳು, ನಗು ತಡೆಯಲಾಗದೆ.

ದೇವೇಂದ್ರಪ್ಪನವರು ಬಂದುಹೋದ ಮರುದಿನ ಸಂಜೆ ಅವಳು ಆಫೀಸಿನಿಂದ ನೇರ ಎಕ್ಸ್‌ಚೇಂಜಿಗೆ ನುಗ್ಗಿದಳು. ಬಿದ್ದಯ್ಯ ಕಿವಿಯ ಹೆಡ್‌ಫೋನು ಕಿತ್ತು ಸಾವಧಾನ್‌ನಲ್ಲಿ ನಿಂತುಬಿಟ್ಟ.

"ಕೂತ್ಕೊಳ್ಳಿ. ನಾನು ನಿಮ್ಮ ಕರ್ನಲ್ ಅಲ್ಲ."

"ಮುಖ ನೋಡಿದ್ರೆ ಬ್ರಿಗೇಡಿಯರ್ ಅನ್ಸುತ್ತೆ ಮೇಡಂ."

"ತಮಾಷೆ ಬೇಡ. ನಿಮಗೆ ಚೀಟಿ ಬೇಕಿತ್ತಾ?"

"ಇಲ್ಲ."

"ಮತ್ತೆ ಯಾಕೆ ಕೂಗಿದ್ರಿ? ಪ್ರತಿ ತಿಂಗಳೂ ಕೂಗ್ತೀರ, ಕೊನೇಲಿ ಬಿಟ್ಟುಬಿಡ್ತೀರ. ಏನು, ಟೈಂಪಾಸಾ?"

ಬಿದ್ದಯ್ಯ ಮೀಸೆ ಸವರಿದ. ಬೋರ್ಡಿನಲ್ಲಿ ದೀಪವೊಂದು ಮಿಣುಕಿತು. ಕರೆ ಜೋಡಿಸಿದ. ಮತ್ತೆ ಅವಳ ಕಡೆ ತಿರುಗಿದಾಗ ಕಿವಿ ಅದೇ ಹಳೆಯ ಕೆಂಪು.

"ನೀವು ಯಾವತ್ತೂ ಚೀಟಿ ಕೂಗ್ತಿರ್ಲಿಲ್ಲ. ನಿಮಗೆ ಅರ್ಜೆಂಟ್ ಇಲ್ಲ, ಹಂಚಿಕೆ ಮಾತ್ರ ತಗೋತೀರಿ ಅಂದ್ಕೊಂಡೆ. ಕೂಗು ಏರಿದಷ್ಟೂ ಎಲ್ಲರಿಗೂ ಹಂಚಿಕೆ ಜಾಸ್ತಿ ಅಲ್ವಾ?"

"ಎಲ್ಲರ ಉದ್ಧಾರಕ್ಕಾ?"

"ಎಲ್ಲರೂ ಅಂದ್ರೆ... ನೀವೂ." ಆಮೇಲೆ, ಉಸಿರು ಬಿಟ್ಟು, "ನಿಜ ಹೇಳ್ಬೇಕು ಅಂದ್ರೆ ನೀವೇ."

ಅಹಲ್ಯಾಗೆ ಥಟ್ಟನೆ ನೆನಪಾಯಿತು. ಪ್ರತಿ ತಿಂಗಳೂ ಹರಾಜು ಮುಗಿದ ಕೂಡಲೇ ಇವನು ತಿರುಗಿ ತನ್ನನ್ನು ನೋಡುತ್ತಿದ್ದ, ಹುಬ್ಬು ಸ್ವಲ್ಪ ಮೇಲೆತ್ತಿ, ಹೇಗಿತ್ತು ಎಂದು ಕೇಳುವವನಂತೆ. ಜಂಬದವನು ಎಂದುಕೊಂಡಿದ್ದಳು. ಅಯ್ಯೋ ದೇವರೇ! ಸಿಟ್ಟು ಎಲ್ಲಿ ಹೋಯಿತೆಂದು ಹುಡುಕಿಕೊಳ್ಳಬೇಕಾಯಿತು.

"ನಿಮ್ಮ ಈ ಪರೋಪಕಾರಕ್ಕೆ ನನ್ನ ಕೋರ್ಸಿಗೆ ಮೂರು ಸಾವಿರ ಕಡಿಮೆ ಬಿದ್ದಿದೆ, ಗೊತ್ತಾ?"

ವಿಷಯ ಕೇಳಿ ಅವನ ಮುಖ ಬಾಡಿತು. "ಚೀಟಿ ನಿಮ್ಮದು ಅಂತ ಗೊತ್ತಿದ್ರೆ ಬಾಯೇ ಬಿಡ್ತಿರ್ಲಿಲ್ಲ. ಮೂರು ಸಾವಿರ ನಾನು ಕೊಡ್ತೀನಿ. ಈಗಲೇ."

"ಬೇಡ. ಏಳು ಸಾವಿರದಲ್ಲಿ ನಿಮ್ಮ ಪಾಲು ಎಷ್ಟು ಬಂತು?"

"ಮುನ್ನೂರೈವತ್ತು."

"ಅದು ನನ್ನ ದುಡ್ಡು. ಅದನ್ನ ಕೊಡಿ, ತಗೋತೀನಿ. ಮಿಕ್ಕಿದ್ದು ನನ್ನ ತಲೆನೋವು. ನಿಮಗೆ ದಂಡ ಬೇರೆ ಇದೆ."

"ಹೇಳಿ."

"ಕ್ಲಾಸು ಭಾನುವಾರ, ಇಡೀ ದಿನ. ಸ್ಫೂರ್ತಿ ಸುಶೀಲಮ್ಮ ಆಂಟಿ ಮನೇಲಿರ್ತಾಳೆ. ಆಂಟಿಗೆ ಮಂಡಿನೋವು, ಇವಳ ಹಿಂದೆ ಓಡೋಕಾಗಲ್ಲ. ಕೋರ್ಸು ಮುಗಿಯೋವರೆಗೂ ನೀವು ಓಡಬೇಕು."

"ಯೆಸ್ ಮೇಡಂ," ಎಂದ ಬಿದ್ದಯ್ಯ. ಇಷ್ಟು ಖುಷಿಯಿಂದ ದಂಡ ಕಟ್ಟಲು ಒಪ್ಪಿದವರನ್ನು ವಕೀಲರ ಆಫೀಸಿನಲ್ಲಿ ಅವಳು ಕಂಡೇ ಇರಲಿಲ್ಲ.

*

ಶುಕ್ರವಾರ ರಜೆ ಹಾಕಿ ಅವಳು ಮನೆಯಲ್ಲಿದ್ದ ಸ್ವಂತ ಟೈಪ್‌ರೈಟರ್ ಮಾರಲು ಹೊರಟಳು. ಮೊದಲ ಸಂಬಳಗಳನ್ನು ಕೂಡಿಟ್ಟು ಕೊಂಡದ್ದು ಅದು. ಆಫೀಸಿನ ಕೆಲಸದ ಮೇಲೆ ಹೊರಗಿನ ಟೈಪಿಂಗು ಮಾಡಿ ಮಗಳ ಸ್ಕೂಲ್ ಫೀಸು ಕಟ್ಟಿದ್ದು ಅದರಿಂದಲೇ. ಭಾರವೆಂದರೆ ಭಾರ. ಕೆಳಗಿಳಿಸಲು ಬಿದ್ದಯ್ಯ ಬಂದಿದ್ದ, ಕರೆಯದೆಯೇ.

"ಇದೂ ದಂಡದ ಲೆಕ್ಕಕ್ಕಾ?" ಎಂದಳು.

"ಇದು ಬೋನಸ್."

ಬ್ಲೂಲೈನ್ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದ. "ಭಯ್ಯಾ, ಐದು ವರ್ಷದ ಕೆಳಗಿನವರಿಗೆ ಫ್ರೀ ಅಲ್ವಾ?" ಎಂದು ಬಿದ್ದಯ್ಯ ಹಿಂದಿಯಲ್ಲಿ ಅಷ್ಟೇ ಗಂಭೀರವಾಗಿ ಕೇಳಿದಾಗ ಬಸ್ಸೇ ನಕ್ಕಿತು. ಅಹಲ್ಯಾ ಕಿಟಕಿಯ ಕಡೆ ತಿರುಗಿ ನಕ್ಕಳು. ಆ ನಗು ಅವನಿಗೆ ಗಾಜಿನಲ್ಲಿ ಕಾಣುತ್ತಿದೆ ಎನ್ನುವುದು ಅವಳಿಗೂ ಗೊತ್ತಿತ್ತು.

ಕೋರ್ಟಿನ ಹೊರಗೆ ಮರದ ಕೆಳಗೆ ಕೂತು ಅಫಿಡವಿಟ್ ಹೊಡೆಯುವ ಮುದುಕರೊಬ್ಬರಿಗೆ ಚೌಕಾಸಿ ಮಾಡಿ ಮಾರಿದಳು. ಎರಡು ಸಾವಿರದ ಆರುನೂರು. ಅವರು ಪರೀಕ್ಷೆಗೆಂದು ನಾಲ್ಕು ಸಾಲು ಟೈಪ್ ಮಾಡಿದಾಗ ಆ ಟಕಟಕ ಕೇಳಿ ಅವಳು ಮರದ ಕಡೆ ಮುಖ ತಿರುಗಿಸಿದಳು.

"ಬೇಜಾರಾ?" ಬಿದ್ದಯ್ಯ ಮೆಲ್ಲನೆ ಕೇಳಿದ.

"ಹೂಂ. ಬೇಜಾರೇ. ಆದ್ರೆ ನನ್ನನ್ನ ಸಾಕಿದ ಮೆಷಿನ್ನು ಇದು. ಹೋಗ್ತಾ ಹೋಗ್ತಾ ಫೀಸೂ ಕಟ್ಟಿ ಹೋಗ್ತಿದೆ. ಚಲೋ, ನಡೀರಿ."

ಯಮುನೆ ದಾಟಿ ಲಕ್ಷ್ಮೀ ನಗರ ಸೇರಿ, ಬೋರ್ಡುಗಳ ಮೇಲೆ ಬೋರ್ಡು ತೂಗುಬಿಟ್ಟ ಕಟ್ಟಡದ ಎರಡನೇ ಮಹಡಿಯ ಕೌಂಟರಿನಲ್ಲಿ ಅವಳು ಹಣ ಇಟ್ಟಳು. ಚೀಟಿಯದು, ಟೈಪ್‌ರೈಟರಿನದು, ಮುನ್ನೂರೈವತ್ತು. ಐವತ್ತು ಕಡಿಮೆ. ಪರ್ಸಿನಲ್ಲಿದ್ದದ್ದು ವಾಪಸ್ ಹೋಗುವ ಬಸ್ ಚಾರ್ಜು ಮಾತ್ರ.

ಬಿದ್ದಯ್ಯ ಜೇಬಿಗೆ ಕೈ ಹಾಕಲಿಲ್ಲ. ಛಾವಣಿಯ ಫ್ಯಾನು ನೋಡುತ್ತ ನಿಂತ. ಕೊಡುತ್ತೇನೆಂದರೆ ಎಲ್ಲಿ ಬೈಯುತ್ತಾಳೋ ಎಂಬ ಭಯ. ಅವನ ಆ ಒದ್ದಾಟ ನೋಡಿಯೇ ಅವಳ ಹಟ ಸಡಿಲಿತು.

"ಬಿದ್ದಯ್ಯನವರೇ, ಐವತ್ತು ರೂಪಾಯಿ ಸಾಲ ಕೊಡ್ತೀರಾ?"

ನೋಟು ಎಷ್ಟು ಬೇಗ ಬಂತೆಂದರೆ ಕೌಂಟರಿನವನೇ ಬೆಚ್ಚಿಬಿದ್ದ.

ಕೆಳಗೆ ಬಂದಾಗ ಕೈಯಲ್ಲಿ ರಸೀದಿ, ಮುಖದಲ್ಲಿ ಬಿಸಿಲು. "ಯಾವಾಗ ವಾಪಸ್?" ಎಂದು ಅವನು ತಮಾಷೆಗೆ ಕೇಳಿದ.

"ಅಷ್ಟು ಬೇಗ ಕೊಡಲ್ಲ."

"ಅಚ್ಛಾ! ಯಾಕೆ?"

"ಸಾಲ ಇದ್ರೆ ತಾನೇ ನೀವು ಕೇಳೋಕೆ ಬರ್ತಾ ಇರೋದು?" ಎಂದು ಹೇಳಿ, ಅವನ ಉತ್ತರಕ್ಕೂ ಕಾಯದೆ ಅವಳು ಬಸ್ಸಿನ ಕಡೆ ನಡೆದಳು.

*

ಅವನು ಕೇಳಲು ಬಂದ. ಭಾನುವಾರ ಬಿಡದೆ ಬಂದ. ಸಂಜೆ ಅವಳು ಕ್ಲಾಸು ಮುಗಿಸಿ ಕ್ವಾರ್ಟರ್ಸಿನ ಪಾರ್ಕಿಗೆ ಬರುವಷ್ಟರಲ್ಲಿ ಸ್ಫೂರ್ತಿ ಬಿದ್ದಯ್ಯನ ಹೆಗಲ ಮೇಲಿರುತ್ತಿದ್ದಳು, ಇಲ್ಲವೇ ಅವನು ಕಲಿಸಿದ ಮೋರ್ಸ್ ಕೋಡನ್ನು ಬೆಂಚಿನ ಮೇಲೆ ಕಲ್ಲಿನಿಂದ ಕುಟ್ಟುತ್ತಿದ್ದಳು.

"ನನ್ನ ಐವತ್ತು ರೂಪಾಯಿ?"

"ಮುಂದಿನ ವಾರ."

"ಬಡ್ಡಿ?"

"ಚಹಾ ಕುಡಿಸ್ತೀನಿ, ಬನ್ನಿ."

ಸುಲಭವೇನೂ ಆಗಿರಲಿಲ್ಲ ಆ ತಿಂಗಳುಗಳು. ಮೊದಮೊದಲು ಮೌಸ್ ಅವಳ ಮಾತೇ ಕೇಳುತ್ತಿರಲಿಲ್ಲ. ತರಗತಿಯ ಹುಡುಗಿಯರು ಅವಳನ್ನು ಆಂಟಿ ಎನ್ನುತ್ತಿದ್ದರು. ಚಳಿಗಾಲದ ಮಂಜಿನಲ್ಲಿ ಬಸ್ಸು ಕಾಯುತ್ತ ಬ್ಯಾಲೆನ್ಸ್ ಶೀಟನ್ನು ಮಂತ್ರದಂತೆ ಗೊಣಗುತ್ತಿದ್ದಳು. ಒಮ್ಮೆ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದು, ಪಾರ್ಕಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಳು. ಬಿದ್ದಯ್ಯ ಉಪದೇಶ ಮಾಡಲಿಲ್ಲ. ಸಿಪ್ಪೆ ಸುಲಿದ ಕಡಲೆಕಾಯಿಯನ್ನು ಒಂದೊಂದಾಗಿ ಅವಳ ಅಂಗೈಗೆ ಹಾಕುತ್ತ ಹೋದ. ಅಂಗೈ ತುಂಬಿದಾಗ ಅವಳಿಗೆ ಈ ಮನುಷ್ಯ ಬೇಕು ಅನ್ನಿಸಿತು. ಆಸರೆಗಲ್ಲ, ಆಸರೆ ಅವಳಿಗೆ ಅವಳೇ ಇದ್ದಳು. ಅವನು ಪಕ್ಕದಲ್ಲಿದ್ದರೆ ಚೆನ್ನಾಗಿರುತ್ತದೆ, ಅದಕ್ಕೆ.

"ಮಮ್ಮಿ, ಅಂಕಲ್‌ಗೆ ನೀನು ಇಷ್ಟ. ಪಕ್ಕಾ," ಎಂದಳು ಸ್ಫೂರ್ತಿ ಒಂದು ದಿನ ಹಲ್ಲುಜ್ಜುತ್ತ.

"ಅವರು ಹೇಳಿದ್ರಾ?"

"ನಹೀಂ. ಉನ್ಕೋ ಬೋಲ್ನಾ ನಹೀಂ ಆತಾ, ಹೇಳೋಕೇ ಬರಲ್ಲ. ನೀನೇ ಹೇಳು ನಾ."

*

ಮಾರ್ಚ್‌ಗೆ ಮೊದಲೇ ನೆಹರೂ ಪ್ಲೇಸಿನ ಆಡಿಟರ್ ಒಬ್ಬರಲ್ಲಿ ಕೆಲಸ ಸಿಕ್ಕಿತು. ಹಳೆಯ ಸಂಬಳಕ್ಕಿಂತ ಒಂದೂವರೆ ಪಟ್ಟು. ಮೊದಲ ಸಂಬಳ ಕೈಗೆ ಬಂದ ವಾರವೇ ಸುಶೀಲಮ್ಮನವರ ಚೀಟಿಯ ಕೊನೆಯ ಭಾನುವಾರ. ಬೇವಿನ ಮರಗಳ ಕೆಳಗೆ ಮೂವರೂ ನಡೆದು ಹೋಗುತ್ತಿದ್ದರು. ಸ್ಫೂರ್ತಿ ಮುಂದೆ ಓಡಿದಳು. ಅಹಲ್ಯಾ ಪರ್ಸು ತೆರೆದು ಹೊಸ ಐವತ್ತರ ನೋಟನ್ನು ಅವನ ಮುಂದೆ ಹಿಡಿದಳು.

ಬಿದ್ದಯ್ಯ ನೋಟು ನೋಡಿದ. ಅವಳನ್ನು ನೋಡಿದ. ಸ್ವಲ್ಪ ಹೊತ್ತು ಕೈ ಚಾಚಲೇ ಇಲ್ಲ.

"ಹಾಗಾದ್ರೆ... ಲೆಕ್ಕ ಮುಗೀತು."

"ಮುಗೀಲೇಬೇಕಲ್ಲ. ನನ್ನ ಕೆಲಸವೇ ಅದು ಈಗ."

ಅವನು ನೋಟು ಮಡಿಸಿ ಎದೆಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. ಅವಳು ತುಟಿ ಕಚ್ಚಿ ನಗು ನುಂಗಿದಳು.

ಕೊನೆಯ ಚೀಟಿಗೆ ಹರಾಜಿಲ್ಲ. ಅದುವರೆಗೂ ಎತ್ತದೆ ಉಳಿದವನು ಬಿದ್ದಯ್ಯನೊಬ್ಬನೇ. ಇಪ್ಪತ್ತು ಸಾವಿರ ಪೂರ್ತಿ ಅವನಿಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಹಣ ತೆಗೆದುಕೊಂಡು ಮೂಲೆಯಲ್ಲಿ ಕೂತ, ಟ್ರಾನ್ಸ್‌ಫರ್ ಆರ್ಡರ್ ಬಂದವನ ಮುಖ ಮಾಡಿಕೊಂಡು.

ಸುಶೀಲಮ್ಮ ಹೊಸ ಚೀಟಿಗೆ ಹೆಸರು ಬರೆಯತೊಡಗಿದರು. "ಬಿದ್ದಯ್ಯ, ನಿಂದು?"

"ಈ ಸಲ ಬೇಡ ಆಂಟಿ."

"ಬರ್ಕೊಳ್ಳಿ ಆಂಟಿ," ಎಂದಳು ಅಹಲ್ಯಾ. ದನಿ ನೆಟ್ಟಗಿತ್ತು. "ಒಂದು ಚೀಟಿ. ಅರ್ಧ ನಂದು, ಅರ್ಧ ಬಿದ್ದಯ್ಯನವರದು."

ಸುಶೀಲಮ್ಮನ ಪೆನ್ನು ನಿಂತಿತು. ಉಪ್ಪಿಟ್ಟಿನ ತಟ್ಟೆಗಳೂ ನಿಂತವು.

"ನನ್ನ ನಿಯಮ ಗೊತ್ತಲ್ಲಮ್ಮಾ? ಅರ್ಧ ಚೀಟಿ ಒಂದೇ ಮನೆಯವರಿಗೆ ಮಾತ್ರ."

"ಗೊತ್ತು ಆಂಟಿ. ಗೊತ್ತಿದ್ದೇ ಕೇಳ್ತಿರೋದು." ಅವಳು ಬಿದ್ದಯ್ಯನ ಕಡೆ ತಿರುಗಿದಳು. ಹುಬ್ಬು ಸ್ವಲ್ಪ ಮೇಲೆತ್ತಿದಳು, ಅವನು ಪ್ರತಿ ತಿಂಗಳೂ ಎತ್ತುತ್ತಿದ್ದ ಹಾಗೆಯೇ. "ಹಳೇ ಸಾಲ ಇಟ್ಕೊಂಡು ಹೊಸದು ಶುರು ಮಾಡಬಾರದು ಅಂತ ತೀರಿಸಿಬಿಟ್ಟೆ. ನಿಮಗೆ ಒಪ್ಪಿಗೆನಾ?"

ಬಿದ್ದಯ್ಯ ಎದ್ದು ನಿಂತ. ಸಾವಧಾನ್‌ನಲ್ಲಿ. ಕಣ್ಣು ಒದ್ದೆ, ಕಿವಿ ಕೆಂಪು.

"ಅಂಕಲ್, ಹಾಂ ಬೋಲೋ ನಾ!" ಎಂದು ಸ್ಫೂರ್ತಿ ಅವನ ಕೈ ಜಗ್ಗಿದಳು.

"ಹೂಂ," ಎಂದ. ಸಾಲದೆನಿಸಿ ಮತ್ತೆ ಹೇಳಿದ, "ಒಪ್ಪಿಗೆ. ಅವತ್ತು ಅರ್ಧ ಚೀಟಿ ಕೇಳಿದಾಗಿನಿಂದಲೂ ಒಪ್ಪಿಗೆ."

ಕೋಣೆಯಲ್ಲಿ ಎದ್ದ ಗದ್ದಲದಲ್ಲಿ ದೇವೇಂದ್ರಪ್ಪನವರ ದನಿಯೇ ಜೋರು. "ನೋಡಿದ್ರಾ? ಅವತ್ತು ನಾನು ಏಳು ಸಾವಿರಕ್ಕೆ ಕೂಗಿದ್ದಕ್ಕೇ ಇದೆಲ್ಲಾ!"

"ನೀವು ಸುಮ್ನಿರ್ರೀ," ಎಂದು ಸುಶೀಲಮ್ಮ ಗದರಿ, ಎರಡು ಹೆಸರನ್ನೂ ಒಂದೇ ಸಾಲಿನಲ್ಲಿ ಬರೆದರು. "ಹರಾಜು ಯಾರು ಕೂಗ್ತೀರಮ್ಮಾ?"

"ನಾನೇ ಆಂಟಿ. ಇವರಿಗೆ ಬಾಯಿ ಬಿಡೋಕೆ ಬಿಡಬೇಡಿ."

ಎಲ್ಲರೂ ನಗುತ್ತಿರುವಾಗ ಬಿದ್ದಯ್ಯ ಅವಳ ಪಕ್ಕಕ್ಕೆ ಬಂದು ಕೂತ. ಎದೆಯ ಜೇಬಿನ ಗುಂಡಿ ಬಿಚ್ಚಿ, ಮಡಿಸಿದ ಐವತ್ತರ ನೋಟನ್ನು ಯಾರಿಗೂ ಕಾಣದಂತೆ ಅವಳ ಅಂಗೈಗೆ ಒತ್ತಿದ.

"ಇದು ಬಾಕಿ ಇರಲಿ," ಎಂದ. "ಕೇಳ್ತಾ ಇರೋದು ಅಭ್ಯಾಸ ಆಗಿಬಿಟ್ಟಿದೆ."

ಅವಳು ನೋಟನ್ನೂ ಬಿಡಲಿಲ್ಲ, ಅವನ ಕೈಯನ್ನೂ ಬಿಡಲಿಲ್ಲ.