ಹಳದಿಯಾಗದ ಸಿಗಡಿ

ಬಹಳ ಹಿಂದೆ, ಸಮುದ್ರಕ್ಕೆ ತನ್ನ ವಯಸ್ಸು ಇನ್ನೂ ನೆನಪಿದ್ದ ಕಾಲದಲ್ಲಿ, ಮುತ್ತಿನಕರೆ ಎಂಬ ರಾಜ್ಯವಿತ್ತು. ಅಲ್ಲಿ ದುಗ್ಗಿ ಎಂಬ ಹುಡುಗಿ ತೆಂಕಣ ಅಳಿವೆಯಲ್ಲಿ ಸಿಗಡಿ ಹಿಡಿದು, ಉಪ್ಪುನೀರಿನ ಗಡಿಗೆಯಲ್ಲಿ ಜೀವಂತವಾಗಿ ಅರಮನೆಗೆ ಒಯ್ಯುತ್ತಿದ್ದಳು. ಸಾರಿಗೆ ಹಾಕುವ ಸಿಗಡಿಯಲ್ಲ ಅದು. ಅಕ್ಕಿಕಾಳಿಗಿಂತ ತುಸು ದೊಡ್ಡದು, ಮೈಯೆಲ್ಲ ಗಾಜು. ತಿಂದದ್ದು ಹೊಟ್ಟೆಯಲ್ಲಿ ಹಾಗೇ ಕಾಣುತ್ತಿತ್ತು. ಗುಟ್ಟು ಇಟ್ಟುಕೊಳ್ಳಲಾರದ ಜೀವ. ಅರಮನೆಯಲ್ಲಿ ಅಂಥವರು ಬೇರೆ ಯಾರೂ ಇರಲಿಲ್ಲ.

ಸಿಗಡಿ ಯಾರಿಗೆಂದರೆ, ರಾಜಕುಮಾರನಿಗೆ. ಹಾಗೆಂದು ಮಾಂತ್ರಿಕ ಶೂಲಕಂಠ ಹೇಳಿದ್ದ. ರಾಜಕುಮಾರ ಮಣಿಕೇತು ಅದೇ ಅಳಿವೆಗೆ ಈಜಲು ಹೋದವನು ಮರಳಿರಲಿಲ್ಲ. ಮರುದಿನವೇ ಶೂಲಕಂಠ ಗಾಜಿನ ತೊಟ್ಟಿಯಲ್ಲಿ ನೀಲಿ ಮೀನೊಂದನ್ನು ತಂದು ರಾಣಿ ಚಂದಲೆಯ ಮುಂದಿಟ್ಟಿದ್ದ.

"ಇವನೇ ನಿಮ್ಮ ಮಗ, ತಾಯಿ. ಶತ್ರುಗಳ ಶಾಪ. ತೆಂಕಣ ಅಳಿವೆಯ ಸಿಗಡಿಯನ್ನು ಜೀವಂತವಾಗಿ, ನಿಮ್ಮ ಕೈಯಾರೆ ತಿನ್ನಿಸಿ. ಆ ಸಿಗಡಿಗಳನ್ನು ಅಧ್ಯಯನ ಮಾಡಿ ನಾನು ಪರಿಹಾರ ಹುಡುಕುತ್ತೇನೆ."

ಅಂದಿನಿಂದ ಅವನು ಸ್ಫಟಿಕ ಹಿಡಿದು ದುಗ್ಗಿಯ ಗಡಿಗೆಯೊಳಗೆ ಇಣುಕುತ್ತಿದ್ದ.

"ಅದರಲ್ಲಿ ಏನು ಓದ್ತೀರಿ ಸ್ವಾಮಿ?"

"ನಿನ್ನ ತಲೆಗೆ ಹತ್ತದಂಥದ್ದನ್ನು."

ಓದುವವರ ಮುಖ ಹೀಗಿರುವುದಿಲ್ಲ, ಏನೋ ಕಳೆದುಕೊಂಡವರ ಮುಖ ಹೀಗಿರುತ್ತದೆ ಎಂದುಕೊಂಡಳು ದುಗ್ಗಿ. ಪರೀಕ್ಷೆ ಮಾಡಿಯೇ ಬಿಡೋಣ ಎನಿಸಿತು.

ಮೊದಲು ಸತ್ತ ಸಿಗಡಿ ಒಯ್ದಳು. "ದಾರಿಯಲ್ಲಿ ಸಿಹಿನೀರು ಬಿತ್ತು ಸ್ವಾಮಿ, ಎಲ್ಲ ಸತ್ತವು." ತೊಟ್ಟಿಗೆ ಜಾರಿದ ಒಂದನ್ನು ಮೀನು ಗಬಕ್ಕನೆ ನುಂಗಿತು. ಶೂಲಕಂಠ ಮಾತ್ರ ಉಳಿದದ್ದನ್ನೆಲ್ಲ ಚೆಲ್ಲಿಸಿದ.

ಆಮೇಲೆ ಬಡಗಣ ಕಡಲಿನ ಸಿಗಡಿ ಒಯ್ದಳು. "ಇವು ಬಡಗಣದವು ಸ್ವಾಮಿ, ಇನ್ನೂ ಕೊಬ್ಬಿವೆ." ಮೀನು ಬಾಯಿ ತೆರೆದುಕೊಂಡು ಗಾಜಿಗೆ ಮೂತಿ ಒತ್ತಿತು. ಶೂಲಕಂಠ ಅದನ್ನೂ ಚೆಲ್ಲಿಸಿದ.

ಮೂರನೆಯ ಸಲ, "ರಾಣಿಯಮ್ಮನಿಗೆ ಆಯಾಸ, ನಾನೇ ಹಾಕ್ತೇನೆ" ಎಂದು ಕೈಚಾಚಿದಳು. ಅವನು ಅವಳ ಮಣಿಕಟ್ಟು ಹಿಡಿದ. ಆ ಕೈ ತಣ್ಣಗಿತ್ತು.

ಮೀನಿಗೆ ಯಾವ ಸಿಗಡಿಯಾದರೂ ಸಾಕು. ಇವನಿಗೆ ಮಾತ್ರ ಆ ಅಳಿವೆಯದೇ ಬೇಕು, ಜೀವವಿರಬೇಕು, ತಾಯಿಯ ಕೈಯಿಂದಲೇ ಬೀಳಬೇಕು. ಹಾಗಾದರೆ ರಾಜಕುಮಾರ ಮೀನಾಗಿಲ್ಲ. ದುಗ್ಗಿ ಗಡಿಗೆಯತ್ತ ನೋಡಿದಳು. ಇಷ್ಟು ದಿನ ತಾನು ಹೊತ್ತು ತಂದದ್ದು ಯಾರನ್ನು? ಆದರೆ ಶೂಲಕಂಠ ಇನ್ನೂ ಇಣುಕುತ್ತಿದ್ದಾನೆ. ಅಂದರೆ ರಾಜಕುಮಾರ ಅವನಿಗೆ ಇನ್ನೂ ಸಿಕ್ಕಿಲ್ಲ.

ರಾಣಿಯ ಬಳಿ ಹೋಗಿ ಎಲ್ಲವನ್ನೂ ಹೇಳಿದಳು.

"ನಿನ್ನನ್ನೇಕೆ ನಂಬಲಿ?" ಎಂದಳು ಚಂದಲೆ.

"ನಂಬಬೇಡಿ ಅಮ್ಮಾ. ನನ್ನನ್ನೂ ಬೇಡ, ಅವರನ್ನೂ ಬೇಡ. ಸಿಗಡಿಯ ಹೊಟ್ಟೆ ನೋಡಿ, ಸಾಕು."

ದುಗ್ಗಿ ಸತ್ತ ಸಿಗಡಿಯನ್ನು ಅರಿಶಿನದೊಂದಿಗೆ ಅರೆದು ಅಂದಿನ ಗಡಿಗೆಗೆ ಉದುರಿಸಿದಳು. ಹಸಿದ ಸಿಗಡಿ ನೆಂಟಸ್ತನ ನೋಡುವುದಿಲ್ಲ. ಎಲ್ಲವೂ ಮುಗಿಬಿದ್ದವು, ಎಲ್ಲವುಗಳ ಹೊಟ್ಟೆ ಹಳದಿಯಾಯಿತು. ಆ ದಿನ ಹಾಗೇ ಹೋಯಿತು. ಮರುದಿನದ ಗಡಿಗೆಯೂ ಬರೀ ಹಳದಿ. ಮೂರನೆಯ ಗಡಿಗೆಯಲ್ಲಿ, ಕಳೆಯ ಎಸಳಿನ ಹಿಂದೆ ಒಂದು ಸಿಗಡಿ ಮುದುಡಿ ಕೂತಿತ್ತು. ಹೊಟ್ಟೆಯಲ್ಲಿ ಪಾಚಿಯ ಹಸಿರು ಬಿಟ್ಟರೆ ಏನಿಲ್ಲ. ಜೊತೆಯವರನ್ನು ಅದು ಮುಟ್ಟಿರಲಿಲ್ಲ.

"ಉಪವಾಸ ಕೂತರೂ ಸರಿ, ಬೇಡವೆಂದದ್ದನ್ನು ತಿನ್ನುವುದಿಲ್ಲ. ಈ ಹಟ ನನಗೆ ಗೊತ್ತು," ಎಂದಳು ಚಂದಲೆ ಮೆಲ್ಲಗೆ. ಉಪ್ಪುನೀರಿನ ಸಮೇತ ಅದನ್ನು ಬೊಗಸೆಗೆ ತೆಗೆದುಕೊಂಡಳು.

ಬಾಗಿಲಲ್ಲಿ ಶೂಲಕಂಠ ನಿಂತಿದ್ದ. ಸ್ಫಟಿಕವನ್ನು ಕಣ್ಣಿಗೆ ಹಿಡಿದೇ ಇದ್ದ. "ಅದನ್ನೇ ಹಾಕಿ ತಾಯಿ," ಎಂದ. "ನಿಮ್ಮ ಮಗ ಹಸಿದಿದ್ದಾನೆ."

"ಹೌದು, ಹಸಿದಿದ್ದಾನೆ," ಎಂದಳು ರಾಣಿ. ತೊಟ್ಟಿಯ ಹತ್ತಿರ ಹೋದಳು. ಮೀನು ನೀರಿನ ಮೇಲೆ ಬಂದು ಬಾಯಿ ತೆರೆಯಿತು. ಶೂಲಕಂಠ ಬಗ್ಗಿದ.

ರಾಣಿ ಬೊಗಸೆಯನ್ನು ತೊಟ್ಟಿಗೆ ಬಗ್ಗಿಸಲಿಲ್ಲ. "ದುಗ್ಗಿ, ನೈವೇದ್ಯದ ಬೆಲ್ಲ ತಾ," ಎಂದಳು. ದುಗ್ಗಿ ಕೊಟ್ಟ ಚೂರನ್ನು ಅಂಗೈಯ ನೀರಲ್ಲಿ ಕರಗಿಸಿ, "ಉಣ್ಣು ಮಗನೇ," ಎಂದಳು.

ಸಿಗಡಿ ಮೀಸೆ ಆಡಿಸಿತು. ತಿಂದಿತು. ಗಾಜಿನ ಹೊಟ್ಟೆಯಲ್ಲಿ ಕಂದು ಬಣ್ಣ ಇಳಿಯಿತು.

ತಾಯಿಯ ಕೈಯಿಂದ ಕೊಲ್ಲಿಸಬೇಕೆಂದು ಶೂಲಕಂಠ ಕಟ್ಟಿದ್ದ ಮಾಟ ತಾಯಿಯ ಕೈತುತ್ತಿಗೆ ಬಿಚ್ಚಿಕೊಂಡಿತು. ಮಣಿಕೇತು ನೆಲದ ಮೇಲೆ, ಮೈಯೆಲ್ಲ ಒದ್ದೆಯಾಗಿ ನಿಂತಿದ್ದ. ಬಿಚ್ಚಿದ ಮಾಟಕ್ಕೆ ಒಂದು ಮೈ ಬೇಕಿತ್ತು. ಶೂಲಕಂಠ ಕುಗ್ಗಿದ, ಇನ್ನೂ ಕುಗ್ಗಿದ, ಅಕ್ಕಿಕಾಳಿನಷ್ಟಾಗಿ ತೊಟ್ಟಿಯೊಳಗೆ ಬಿದ್ದ.

ಮೀನಿಗೆ ಆ ದಿನ ಇನ್ನೂ ಊಟವಾಗಿರಲಿಲ್ಲ.

"ಅಮ್ಮಾ, ಇನ್ನೊಂದು ತುತ್ತು," ಎಂದ ರಾಜಕುಮಾರ.

ಮೀನನ್ನು ಕಡಲಿಗೆ ಬಿಟ್ಟರು. ಮಣಿಕೇತು ಪಟ್ಟವೇರಿದ, ಮುತ್ತಿನಕರೆಯ ಮನೆಮನೆಯಲ್ಲೂ ನೆಮ್ಮದಿ ಕೂತಿತು. ಆದರೂ ಹೊಸ ಮಂತ್ರಿಯೊಬ್ಬ ಬಂದರೆ ರಾಣಿ ಅವನನ್ನು ಮೊದಲು ಪಂಕ್ತಿಯಲ್ಲಿ ಊಟಕ್ಕೆ ಕೂರಿಸುತ್ತಿದ್ದಳು. ಎದುರಿಗೆ ದುಗ್ಗಿ ಕೂತು, ಪಕ್ಕದವನ ಎಲೆಗೆ ಅವನ ಕೈ ಹೋಗುತ್ತದೆಯೋ ಎಂದು ಸುಮ್ಮನೆ ನೋಡುತ್ತಿದ್ದಳು.