ಹಿರೇಕೆರೆಯ ಮೀನೆಣಿಕೆ

ಮೀನು ಬಾಯಿಗಿಡದ ಮನುಷ್ಯನೊಬ್ಬ ಬಂದು ತನ್ನ ಕೆರೆಯ ಮೀನು ಎಣಿಸುವುದೇ? ಬೀರನ ಹೊಟ್ಟೆ ಉರಿಯಲು ಅಷ್ಟು ಸಾಕಾಗಿತ್ತು. ಸಿದ್ದಾಪುರ ಸೀಮೆಯಲ್ಲಿ ಕರನಿರಾಕರಣೆಯ ಗಲಾಟೆ ತಣ್ಣಗಾಗಿ ಮೂರ್ನಾಲ್ಕು ವರ್ಷವಾಗಿತ್ತು. ಈಗ ಮುಂಬಯಿ ಸರಕಾರದ ಕಣ್ಣು ಕೆರೆಯ ಮೀನಿನ ಮೇಲೂ ಬಿದ್ದಿತ್ತು. ಮೀನಿನ ಸಾಹೇಬ ವಿಘ್ನೇಶ್ವರ ಕೋಲಸಿರ್ಸಿಯಾಚೆಯ ಹಿರೇಕೆರೆಯ ಏರಿಯ ಮೇಲೆ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ನಿಂತು ಊರವರಿಗೆಲ್ಲ ಹೇಳಿದ್ದ. ಮೀನು ಕಡಿಮೆಯಾಗಿದೆ ಎಂದು ಕಂಡರೆ ಮೂರು ವರ್ಷ ದೊಡ್ಡ ಬಲೆ ಬಂದ್. ಬೇಸಿಗೆಯ ಕೆರೆಬೇಟೆಯ ದಿನ ಊರವರು ಬಿದಿರಿನ ಬುಟ್ಟಿಯಂಥ ಕೂಣಿ ಹಿಡಿದು ಇಳಿದು ಸಿಕ್ಕಷ್ಟು ಹಿಡಿಯಬಹುದು, ಅಷ್ಟೇ. ಎಣಿಕೆಯಲ್ಲಿ ಯಾರಾದರೂ ಕೈಯಾಡಿಸಿದರೋ, ಅವರ ಬಲೆಯ ಹಕ್ಕು ಖಾಯಂ ರದ್ದು.

ಆ ಊರಿಗೆ ಇದ್ದದ್ದು ಒಂದೇ ದೊಡ್ಡ ಬಲೆ. ಅದು ಬೀರನದು, ಅಜ್ಜನ ಕಾಲದಿಂದ ಬಂದ ಹಕ್ಕು. ಅವನಿಗೆ ಗದ್ದೆಯಿಲ್ಲ, ತೋಟವಿಲ್ಲ. ಬಲೆ ಎತ್ತಿದರೆ ಶಿರಸಿಯ ಖಾಜಾ ಹುಸೇನರ ಮೋಟಾರು ಬಂದು ಮೀನು ಒಯ್ಯುತ್ತದೆ, ಒಲೆ ಉರಿಯುತ್ತದೆ. ಬಲೆ ನಿಂತರೆ ಬೇರೆಯವರ ಗದ್ದೆಯಲ್ಲಿ ಬಗ್ಗಬೇಕು. ಮೀನು ಕಡಿಮೆಯಾಗಿದೆಯೆಂದು ಸರಕಾರಕ್ಕೆ ಚಾಡಿ ಹೇಳಿದವನು ತನ್ನ ಹೆಂಡತಿಯ ತಮ್ಮ ಕೆರಿಯನೇ ಎಂದು ಬೀರ ಮೊದಲ ದಿನವೇ ತೀರ್ಮಾನಿಸಿಬಿಟ್ಟ. ಎರಡು ವರ್ಷದಿಂದ ಬಲೆಯ ಕಣ್ಣು ಸಣ್ಣದು ಮಾಡಿ ಮರಿಗಳನ್ನೂ ಬಿಡದೆ ಬಾಚಿದ್ದು ಯಾರೆಂಬುದು ಮಾತ್ರ ಅವನ ನೆನಪಿಗೆ ಬರಲಿಲ್ಲ.

ಅನುಮಾನವೆಂಬುದು ಬೀರನಿಗೆ ಎಲೆಯಡಿಕೆಯಷ್ಟೇ ಅಭ್ಯಾಸ. ಸಾಹೇಬ ಬಲೆ ಬಂದ್ ಮಾಡುವ ಮಾತಾಡಿ ಹೋದ ಮೇಲೆ, ಸಂಕ್ರಾಂತಿಯ ಹೊತ್ತಿಗೆ, ಹೆಂಡತಿ ಹೊನ್ನಿಯ ಮೂಗು ಬೋಳಾಗಿದ್ದನ್ನು ಅವನು ನೋಡಿದ್ದ.

"ಮೂಗುತಿ ಎಂತಾತು?"

"ಹೊಳೆಗೆ ಮೀವಾಗ ಬಿದ್ದೋತು," ಎಂದಿದ್ದಳು ಅವಳು, ಮುಖ ತಿರುಗಿಸಿಕೊಂಡು.

ಬೀರ ನಂಬಲಿಲ್ಲ. ತವರಿಗೆ ಸಾಗಿಸಿದ್ದಾಳೆ, ಕೆರಿಯನ ಕೈ ಸೇರಿದೆ ಎಂದುಕೊಂಡ. ಒಂದಲ್ಲ ಒಂದು ದಿನ ಬಾಯಿ ಬಿಡಿಸುತ್ತೇನೆ ಎಂದು ಆ ಮಾತನ್ನು ಹೊಟ್ಟೆಯೊಳಗೇ ಇಟ್ಟುಕೊಂಡ.

ಸಾಹೇಬ ಎಣಿಸುವ ಕ್ರಮ ವಿಚಿತ್ರದ್ದು. ಬೀರನ ಬಲೆಯಿಂದಲೇ ಮೊದಲು ಒಂದಿಷ್ಟು ಮೀನು ಹಿಡಿಸಿದ. ಒಂದೊಂದರ ಬಾಲದ ತುದಿಯನ್ನು ಕತ್ತರಿಯಿಂದ ಚೂರೇ ಕತ್ತರಿಸಿ ಮತ್ತೆ ನೀರಿಗೆ ಬಿಡಿಸಿದ. ಊರವರು ನಕ್ಕರು. ಬೀರ ನಗಲಿಲ್ಲ. ಹತ್ತಿರ ಹೋಗಿ ಕೈಕಟ್ಟಿ ಕೇಳಿದ.

"ಇದರಿಂದ ಎಂತ ಗೊತ್ತಾಗ್ತದೆ ಸಾಹೇಬ್ರೆ?"

ಕೇಳುವವನೊಬ್ಬ ಸಿಕ್ಕಿದ್ದೇ ವಿಘ್ನೇಶ್ವರನಿಗೆ ಖುಷಿ. "ನೋಡು, ಹುಣ್ಣಿಮೆ ಕಳೆದ ಮೇಲೆ ನಾನು ಮತ್ತೆ ಬಂದು ಬಲೆ ಹಾಕಿಸ್ತೇನೆ. ಬಾಲ ಕತ್ತರಿಸಿದ ಮೀನೇ ಹೆಚ್ಚು ಬಂದರೆ ಕೆರೆಯಲ್ಲಿ ಮೀನು ಕಡಿಮೆ ಅಂತ ಲೆಕ್ಕ. ಅಲ್ಲೊಂದು ಇಲ್ಲೊಂದು ಬಂದರೆ ಮೀನು ಬೇಕಾದಷ್ಟು ಉಂಟು. ಎಷ್ಟು ಹಿಡಿಯಬಹುದು ಅಂತ ಅದರ ಮೇಲೆ ನಿಗದಿ ಮಾಡೋದು."

ಬೀರ ತಲೆಯಾಡಿಸಿ ಮನೆಗೆ ಬಂದ. ಬರುವಷ್ಟರಲ್ಲಿ ಅವನ ತಲೆಯಲ್ಲಿ ಅರ್ಧ ಕೆಲಸ ಮುಗಿದಿತ್ತು. ಬಾಲ ಕತ್ತರಿಸಿದವನ್ನು ಕೆರೆಯಿಂದ ಕದ್ದು ತೆಗೆಯಬಹುದು. ಆದರೆ ಕೆರಿಯ ಹಗಲೆಲ್ಲ ಏರಿಯ ಮೇಲೆ ದನ ಬಿಟ್ಟುಕೊಂಡು ಕೂತಿರುತ್ತಾನೆ, ಬಲೆ ಬಿಚ್ಚಿದರೆ ಕಂಡೇ ಕಾಣುತ್ತದೆ. ತೆಗೆಯುವುದು ಬೇಡ, ಹಾಕೋಣ. ಹೊರಗಿನ ಮೀನು ತಂದು ಸುರಿದರೆ ಕತ್ತರಿಸಿದ ಬಾಲಗಳು ಅವುಗಳ ನಡುವೆ ಕರಗಿಹೋಗುತ್ತವೆ. ಕೆರೆಗೆ ಮೀನು ತಂದು ಹಾಕಿದವನನ್ನು ಕಳ್ಳನೆಂದು ಯಾರು ಹುಡುಕುತ್ತಾರೆ?

ಎಲ್ಲಿಂದ ತರುವುದೆಂಬುದಕ್ಕೂ ಅವನಲ್ಲಿ ಉತ್ತರವಿತ್ತು. ಗುಡ್ಡದಾಚೆ, ಕಾನಸೂರಿನ ಕಡೆಯ ದಟ್ಟ ಕಾನಿನೊಳಗೆ ಚೌಡಿ ಹೊಂಡವಿದೆ. ಹಿರೇಕೆರೆಯಲ್ಲಿರುವ ಜಾತಿಯದೇ ಬಿಳಿ ಮೀನು ಅಲ್ಲಿ ತುಂಬಿಕೊಂಡಿದೆ. ಚೌಡಿಯ ಮೀನನ್ನು ಯಾರೂ ಮುಟ್ಟುವುದಿಲ್ಲ. ಹೆಂಗಸರು ಹೋಗಿ ಮಂಡಕ್ಕಿ ಚೆಲ್ಲುತ್ತಾರೆ, ಏನೇನೋ ಹರಕೆ ಹೊರುತ್ತಾರೆ. ಗಂಡಸರು ಆ ಕಡೆ ತಲೆ ಹಾಕುವುದಿಲ್ಲ. ಚೌಡಿಯ ಭಯ ಬೀರನಿಗೂ ಇತ್ತು. ಆದರೆ ಬೇರೆಯವರ ಗದ್ದೆಯಲ್ಲಿ ಬಗ್ಗುವ ಭಯ ಅದಕ್ಕಿಂತ ದೊಡ್ಡದಾಗಿತ್ತು. ತಿನ್ನಲು ಒಯ್ಯುತ್ತಿಲ್ಲ ತಾಯೀ, ನೀರು ಬದಲಿಸುತ್ತಿದ್ದೇನೆ ಅಷ್ಟೇ ಎಂದು ಮನಸ್ಸಿನಲ್ಲೇ ಕೈ ಮುಗಿದ.

ಅದು ಕಾಡಿನಲ್ಲಿ ದರಕು ಗುಡಿಸುವ ಕಾಲ. ಕೊಟ್ಟಿಗೆಗೆ ಹಾಸಲು ಒಣಗಿದ ಎಲೆ ತರುವ ಗಾಡಿಗಳು ದಿನಾ ಓಡಾಡುತ್ತವೆ. ಬೀರ ಗಾಡಿಯ ತಳದಲ್ಲಿ ಮಣ್ಣಿನ ಹರವಿಗಳನ್ನು ಹುಲ್ಲು ಒತ್ತಿ ನಿಲ್ಲಿಸಿದ. ಮೇಲೆ ದರಕು ತುಂಬಿದರೆ ಎಲ್ಲರ ಗಾಡಿಯಂತೆ ಅದೂ ಒಂದು ಗಾಡಿ. ಎದುರು ಸಿಕ್ಕವರಿಗೆಲ್ಲ ತಾನಾಗಿಯೇ ಹೇಳುತ್ತ ಹೋದ.

"ಕಾನಸೂರು ಬದಿ ದರಕು ಬಾಳ ಚಲೋ ಉಂಟು ಮಾರಾಯಾ. ದಿನಾ ಅಲ್ಲಿಗೇ ಹೋಗ್ತೆ."

ಕೆರಿಯನಿಗಂತೂ ಬೇಕೆಂದೇ ಎರಡೆರಡು ಸಲ ಹೇಳಿದ. ಮುಚ್ಚಿಟ್ಟರೆ ಜನ ಕೆದಕುತ್ತಾರೆ, ಸಾರಿ ಹೇಳಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂಬುದು ಅವನ ಲೆಕ್ಕ.

ಹೊಂಡದ ಮೀನುಗಳಿಗೆ ಮನುಷ್ಯರ ಹೆದರಿಕೆಯೇ ಇರಲಿಲ್ಲ. ಮಂಡಕ್ಕಿ ಚೆಲ್ಲಿದರೆ ಸಾಕು, ನೆಂಟರ ಮನೆಯ ಊಟಕ್ಕೆ ಬಂದ ಹಾಗೆ ಒಂದರ ಮೇಲೊಂದು ಬಿದ್ದು ಬರುತ್ತಿದ್ದವು. ಬುಟ್ಟಿ ಅದ್ದಿ ಎತ್ತುವುದೊಂದೇ ಕೆಲಸ. ಕಾನಿನೊಳಗೆ ಹಗಲೂ ಮಬ್ಬು, ನೀರು ಕಲಕಿ ರಾಡಿ. ಆದರೂ ಬೀರ ಗಡಿಬಿಡಿ ಮಾಡಲಿಲ್ಲ. ಈ ಸಾಹೇಬ ಈ ಹೊಂಡದಲ್ಲೂ ಗುಟ್ಟಾಗಿ ಕತ್ತರಿ ಆಡಿಸಿ ಹೋಗಿರಬಹುದು, ಯಾರಿಗೆ ಗೊತ್ತು? ಪ್ರತಿ ಮೀನಿನ ಬಾಲವನ್ನೂ ಬೆರಳಲ್ಲಿ ಬಿಡಿಸಿ, ತುದಿ ಸವರಿ, ನೆಟ್ಟಗಿದೆಯೆಂದು ಖಾತ್ರಿ ಮಾಡಿಕೊಂಡೇ ಹರವಿಗೆ ಹಾಕಿದ. ದಾರಿಯ ಹಳ್ಳದಲ್ಲಿ ನೀರು ಬದಲಿಸಿದ. ಸತ್ತವನ್ನು ಗೊಬ್ಬರಗುಂಡಿಯ ಆಳಕ್ಕೆ ತಳ್ಳಿದ. ಮರುದಿನ ಬೆಳಗಿನ ಮಂಜು ಹರಿಯುವ ಮೊದಲು, ಕೆರಿಯ ಹಾಲು ಕರೆಯುವ ಹೊತ್ತು ನೋಡಿ ಕೆರೆಯ ಮೂಲೆಯಲ್ಲಿ ಬಿಟ್ಟುಬರುತ್ತಿದ್ದ. ಹುಣ್ಣಿಮೆಯವರೆಗೂ ಹೀಗೇ ನಡೆಯಿತು. ತನ್ನ ಕೆಲಸದ ಅಚ್ಚುಕಟ್ಟು ನೋಡಿ ಅವನಿಗೇ ಹೆಮ್ಮೆಯಾಯಿತು.

ಎಣಿಕೆಯ ದಿನ ಏರಿಯ ತುಂಬ ಜನ. ಹೊನ್ನಿಯೂ ಹೆಂಗಸರ ನಡುವೆ ಕೈ ಜೋಡಿಸಿ ನಿಂತಿದ್ದಳು. ಬಲೆ ಎಳೆಯಲು ಕೆರಿಯನೇ ಮುಂದೆ ಬಂದದ್ದು ಬೀರನಿಗೆ ಹಿಡಿಸಲಿಲ್ಲ. ಏನೋ ಮಸಲತ್ತು ಮಾಡುತ್ತಾನೆ ಎಂದು ಅವನ ಕೈಯ ಮೇಲೇ ಕಣ್ಣಿಟ್ಟ. ಬಲೆ ಮೇಲೆ ಬಂದಾಗ ಭಾರಕ್ಕೆ ಹಗ್ಗ ಕಿರುಗುಟ್ಟಿತು. ಮೀನೋ ಮೀನು. ಸಾಹೇಬನ ಎದುರು ಒಂದೊಂದೇ ಮೀನಿನ ಬಾಲ ಹಾಯ್ದುಹೋಯಿತು. ನೆಟ್ಟಗಿನ ಬಾಲ, ನೆಟ್ಟಗಿನ ಬಾಲ, ಎಲ್ಲೋ ಅಪರೂಪಕ್ಕೊಂದು ಕತ್ತರಿಸಿದ್ದು.

"ನಾನೇ ತಪ್ಪು ತಿಳ್ಕೊಂಡಿದ್ದೆ ಬೀರ," ಎಂದ ವಿಘ್ನೇಶ್ವರ. "ನಿನ್ನ ಬಲೆ ನಿಲ್ಲಿಸೋ ಕಾರಣ ಇಲ್ಲ."

ಬೀರ ತಲೆ ತಗ್ಗಿಸಿ ನಿಂತ. ನಗು ತಡೆಯಲು ಒಳಕೆನ್ನೆ ಕಚ್ಚಿಕೊಳ್ಳಬೇಕಾಯಿತು.

ಅಷ್ಟರಲ್ಲಿ ಕೆರಿಯ ಒಂದು ದಪ್ಪ ಮೀನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. "ಇದೆಂತದು, ಇದರ ತುಟಿಗೆ?" ಬಿಸಿಲಿಗೆ ಏನೋ ಮಿಣುಕಿತು. ಹೆಂಗಸರ ಸಾಲಿನಲ್ಲಿ ಗುಜುಗುಜು ಎದ್ದಿತು. ಹೊನ್ನಿ ಸೀರೆ ಎತ್ತಿಕೊಂಡು ಓಡಿಬಂದಳು. ಕಣ್ಣಲ್ಲಿ ನೀರು, ಮುಖದಲ್ಲಿ ಸಂತೋಷ.

"ಅದು ನನ್ನ ಮೂಗುತಿ," ಎಂದಳು, ಗಂಡನ ಕಡೆ ಕೈ ತೋರುತ್ತ. "ಇವರ ಬಲೆ ನಿಲ್ಲೂದು ಬ್ಯಾಡ ಅಂತ ಚೌಡಿ ಹೊಂಡದ ಮೀನಿಗೆ ತೊಡಿಸಿ ಬಿಟ್ಟಿದ್ದೆ. ಹರಕೆ ಫಲಿಸೂವರೆಗೆ ಗಂಡಂಗೂ ಹೇಳೂಕಾಗ, ಅದಕ್ಕೇ ಸುಳ್ಳು ಹೇಳಿದ್ದೆ. ನೋಡಿ, ಚೌಡವ್ವ ತಾನೇ ತಂದು ಕೊಟ್ಟಾಳೆ."

"ಆ ಹೊಂಡದ ನೀರು ಈ ಕೆರೆಗೆ ಬರ್ತದಾ?" ವಿಘ್ನೇಶ್ವರ ಮೆಲ್ಲಗೆ ಕೇಳಿದ.

"ಎಲ್ಲಿಂದ ಬರ್ತದೆ ಸಾಹೇಬ್ರೆ? ನಡುವೆ ಗುಡ್ಡ ಉಂಟು. ಅದು ಕಾನಸೂರು ಬದಿಗೆ," ಎಂದ ಕೆರಿಯ. ಅಂದವನು ಅಲ್ಲಿಗೇ ನಿಂತ. ಮೀನು ಹಿಡಿದ ಕೈ ನಿಧಾನಕ್ಕೆ ಕೆಳಗಿಳಿಯಿತು. "ಭಾವ, ನೀನು ದಿನಾ ದರಕು ತಂದದ್ದು ಅಲ್ಲಿಂದನೇ ಅಲ್ದಾ?"

ಸಾಹೇಬ ಕರವಸ್ತ್ರ ಮಡಿಸಿ ಕಿಸೆಗಿಟ್ಟ. ಹೊನ್ನಿಯ ಸಂತೋಷ ಒಂದೊಂದಾಗಿ ಎಲ್ಲರ ಮುಖ ನೋಡುತ್ತ ಬಂದು ಗಂಡನ ಮುಖದ ಹತ್ತಿರ ಆರಿಹೋಯಿತು. ಬೀರ ಅವಳ ಬೋಳು ಮೂಗನ್ನು ನೋಡಿದ, ಮೀನಿನ ತುಟಿಯ ಮೂಗುತಿಯನ್ನು ನೋಡಿದ. ಅವಳ ಮೇಲೆ ಅನುಮಾನಪಟ್ಟಿದ್ದ, ಕೆರಿಯನ ಮೇಲೆ ಪಟ್ಟಿದ್ದ, ಸಾಹೇಬನ ಕತ್ತರಿಯ ಮೇಲೂ ಪಟ್ಟಿದ್ದ. ಕಾನಿನ ಮಬ್ಬಿನಲ್ಲಿ ಕೂತು ಅಷ್ಟೂ ಮೀನುಗಳ ಬಾಲ ಸವರಿ ನೋಡಿದ್ದ. ಒಂದರ ಬಾಯನ್ನೂ ನೋಡಿರಲಿಲ್ಲ.