ಬೀಮಿನ ಮೇಲಿನ ಕೆಂಪು ತಾರೀಖು

ನನ್ನ ತಲೆ ಸೇತುವೆಯ ಅಂಚಿನಿಂದ ಹೊರಗಿತ್ತು. ಕಾಲು ಹಾರೆಯ ಕೈಯಲ್ಲಿತ್ತು.

ಹಾರೆ ಅಂದರೆ ಧಣಿಯ ಆಳು. ಅಡ್ಡಹೆಸರು. ಆರಡಿ ಎತ್ತರ, ಮಾತು ಕಡಿಮೆ. ಮೂವತ್ತು ಅಡಿ ಕೆಳಗೆ ರಸ್ತೆ. ಬೆಳಗಿನ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು.

"ನಿನ್ನ ಮಗಳು ಸಹಿ ಹಾಕ್ತಾಳೋ ಇಲ್ವೋ?" ಧಣಿ ಕೇಳಿದ. ಈ ಮೇಲ್ಸೇತುವೆಯ ಕಂಟ್ರಾಕ್ಟರ್ ಅವನೇ. ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ.

"ಕೇಳ್ತೀನಿ..."

"ಕೇಳೋಕೆ ನಿನ್ನ ಇಟ್ಕೊಂಡಿಲ್ಲ. ಹಾಕಿಸೋಕೆ ಇಟ್ಕೊಂಡಿದ್ದೀನಿ."

ನಿಜ. ನನ್ನ ಕಸುಬೇ ಅದು, ವಕೀಲರೇ. ಯಾವ ಆಫೀಸಿನಲ್ಲಿ ಯಾವ ಸಹಿ ಸಿಕ್ಕಿಹಾಕಿಕೊಂಡರೂ ಬಿಡಿಸಿ ತರುವುದು. ಹಿಂದೆ ನಾನೂ ಸಿವಿಲ್ ಎಂಜಿನಿಯರ್. ಬಿರುಕುಬಿಟ್ಟ ನೀರಿನ ಟ್ಯಾಂಕೊಂದಕ್ಕೆ ಕಣ್ಣುಮುಚ್ಚಿ 'ಸರಿಯಿದೆ' ಎಂದು ಬರೆದುಕೊಟ್ಟೆ. ಟ್ಯಾಂಕ್ ಬಿತ್ತು. ಲೈಸೆನ್ಸ್ ಹೋಯಿತು.

ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಉಳಿದದ್ದು ಮಗಳೊಬ್ಬಳು. ಅವಳನ್ನು ಸ್ಟ್ರಕ್ಚರಲ್ ಎಂಜಿನಿಯರ್ ಮಾಡಿದೆ. ಮೊದಲ ಕೆಲಸ ಇದೇ ಸೇತುವೆಯಲ್ಲಿ, ಕ್ವಾಲಿಟಿ ನೋಡುವುದು. ಕೊಡಿಸಿದ್ದು ನಾನೇ. ಅದನ್ನೂ ಬರೆದುಕೊಳ್ಳಿ.

ವಿಷಯ ಇಷ್ಟು. ಸೇತುವೆಯ ಆ ಭಾಗಕ್ಕೆ ಕಾಂಕ್ರೀಟ್ ಹಾಕಿ ಹನ್ನೊಂದು ದಿನವಾಗಿತ್ತು. ಕೆಳಗೆ ಆತು ನಿಂತ ಜಾಕಿಗಳನ್ನು ಇಪ್ಪತ್ತೊಂದು ದಿನ ಮುಟ್ಟುವಂತಿಲ್ಲ. ಆದರೆ ನಾಳೆ ಮಂತ್ರಿ ಬರುತ್ತಾರೆ, ಕೆಳಗಿನ ರಸ್ತೆ ಖಾಲಿಯಾಗಬೇಕು. ಜಾಕಿ ಬಿಚ್ಚಲು ಮಗಳ ಸಹಿ ಬೇಕು.

"ಹನ್ನೆರಡು ಗಂಟೆಗೆ ಸಹಿ ಬರದಿದ್ರೆ ಅವಳು ಇಲ್ಲಿಂದ ಕಾಲು ಜಾರಿ ಬೀಳ್ತಾಳೆ," ಧಣಿ ಹೇಳಿದ. "ಹೊಸ ಹುಡುಗಿ, ಸೇಫ್ಟಿ ಬೆಲ್ಟ್ ಹಾಕಿರಲಿಲ್ಲ ಅಂತ ರಿಪೋರ್ಟ್ ಆಗುತ್ತೆ. ಅದಕ್ಕೂ ನೀನೇ ಸಹಿ ತಂದ್ಕೊಡ್ತೀಯ."

ಹಾರೆ ನನ್ನನ್ನು ಒಳಗೆಳೆದ. ಪ್ಯಾಂಟು ಒದ್ದೆಯಾಗಿತ್ತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಪೊಲೀಸರ ಹತ್ತಿರ ಹೋಗಬಹುದಿತ್ತು ಅಂತೀರಾ? ಗೇಟಿನಲ್ಲೇ ಜೀಪಿತ್ತು. ಅದರಲ್ಲಿದ್ದವರು ಧಣಿಯ ಚಹಾ ಕುಡಿಯುತ್ತಿದ್ದರು.

ಮಗಳ ಆಫೀಸು ತಗಡಿನ ಕಂಟೇನರ್. ಒಂದು ಮೇಜು, ಒಂದು ಫ್ಯಾನು, ಗೋಡೆ ತುಂಬ ನಕ್ಷೆ.

"ಸಹಿ ಹಾಕು," ಎಂದೆ.

ಅವಳು ತಲೆಯೆತ್ತಲಿಲ್ಲ. "ಆಗಲ್ಲಪ್ಪ."

"ಹನ್ನೊಂದು ದಿನ ಆಗಿದೆ. ನಿಲ್ಲುತ್ತೆ."

"ಅದೇ ಕಾಂಕ್ರೀಟಿನ ಕ್ಯೂಬ್ ಏಳನೇ ದಿನ ಮೆಷಿನ್ನಲ್ಲಿ ಒಡೆದು ನೋಡಿದೆ. ಬರಬೇಕಾದ ಬಲದಲ್ಲಿ ಅರ್ಧಾನೂ ಬಂದಿಲ್ಲ. ಸಿಮೆಂಟೇ ಕಮ್ಮಿ ಹಾಕಿದ್ದಾರೆ. ಇಪ್ಪತ್ತೊಂದು ದಿನ ಆದ್ರೂ ನಾನು ಒಪ್ಪಲ್ಲ."

"ಸಾಯಿಸ್ತಾರೆ ನಿನ್ನ."

"ನಿಮ್ಮನ್ನ ಕಳಿಸಿದಾಗಲೇ ಗೊತ್ತಾಯ್ತು."

"ಪುಟ್ಟಿ, ನಿನ್ನ ಕಾಲಿಗೆ ಬೀಳ್ತೀನಿ..."

"ಬೀಳಿ. ಸಹಿ ಮಾತ್ರ ಕೇಳಬೇಡಿ. ಬಿಚ್ಚೋಕೆ ಬಂದಿರೋರು ಆರು ಜನ. ಅವರ ಮನೆಗೆ ಹೋಗಿ ನಾನೇನು ಹೇಳಲಿ?"

ನನಗೆ ಕೆಟ್ಟ ಸಿಟ್ಟು ಬಂತು. ಸಿಟ್ಟಿನ ಜೊತೆಗೆ ಹೊಟ್ಟೆಕಿಚ್ಚು. ನಾನು ಜೀವಮಾನದಲ್ಲಿ ಹೇಳಲಾಗದ 'ಆಗಲ್ಲ' ಅವಳ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು!

ಅಷ್ಟರಲ್ಲಿ ಬಾಗಿಲು ಒದ್ದ ಸದ್ದು. ಹಾರೆ. ಧಣಿಗೆ ಹನ್ನೆರಡರವರೆಗೆ ಕಾಯುವ ತಾಳ್ಮೆಯಿರಲಿಲ್ಲ.

ಕಿಟಕಿಯಿಂದ ಹಾರಿದೆವು. ಕಬ್ಬಿಣದ ಸರಳುಗಳ ರಾಶಿ ದಾಟಿ ಓಡಿದೆವು. ಅವಳು ಮುಂದೆ, ನಾನು ಹಿಂದೆ. ಒಂದು ಸರಳು ಬೀಸಿ ಬಂದು ನನ್ನ ಭುಜಕ್ಕೆ ಬಿತ್ತು. ಮೂಳೆ ಮುರಿದದ್ದು ಕಿವಿಗೇ ಕೇಳಿಸಿತು.

ಎದುರಿಗೆ ಕ್ಯೂಬ್ ಒಡೆಯುವ ಕೊಠಡಿ. ಕಬ್ಬಿಣದ ಬಾಗಿಲು.

"ಒಳಗೆ ಹೋಗು," ಎಂದೆ. ಹೋದಳು. ನಾನೂ ಬರುತ್ತೇನೆ ಅಂದುಕೊಂಡಿದ್ದಳು. ನಾನು ಹೊರಗಿನಿಂದ ಚಿಲಕ ಹಾಕಿ ಬಾಗಿಲಿಗೆ ಬೆನ್ನುಕೊಟ್ಟು ನಿಂತೆ.

ಹಾರೆ ಮತ್ತೆ ಸರಳೆತ್ತಿದ.

"ಧಣಿಗೆ ಫೋನ್ ಮಾಡು," ಎಂದೆ. "ಸಹಿ ಇಲ್ಲದೇನೇ ಬಿಚ್ಚಿಸ್ತೀನಿ ಅನ್ನು. ಅವಳನ್ನ ಮುಟ್ಟಬಾರದು."

ಧಣಿ ಒಪ್ಪಿದ. ಬಿಚ್ಚುವ ಗ್ಯಾಂಗು ಆವತ್ತೇ ಬೇರೆ ಸೈಟಿನಿಂದ ಬಂದಿತ್ತು. ಅದರ ಸೆಂಟ್ರಿಂಗ್ ಮೇಸ್ತ್ರಿ ಪಳಗಿದ ಕೈ. ಕಾಗದ ನಂಬುವವನಲ್ಲ. ಕಾಂಕ್ರೀಟ್ ಹಾಕಿದ ದಿನ ಬೀಮಿನ ಮೇಲೆ ಕೆಂಪು ಬಣ್ಣದಲ್ಲಿ ತಾರೀಖು ಬರೆಯುತ್ತಾರಲ್ಲ, ಅದನ್ನು ತಾನೇ ನೋಡಿ, ಬೆರಳು ಮಡಚಿ ದಿನ ಎಣಿಸಿ, ಆಮೇಲೆ ಸ್ಪ್ಯಾನರ್ ಎತ್ತುವವನು.

ಆವತ್ತು ಇಪ್ಪತ್ತೇಳು. ಬೀಮಿನ ಮೇಲೆ ಹದಿನಾರು ಎಂದಿತ್ತು. ಏಣಿ ಹತ್ತಿದೆ. ಮುರಿದ ಭುಜ ಬಿಟ್ಟು ಇನ್ನೊಂದು ಕೈಯಲ್ಲಿ ಕುಂಚ ಹಿಡಿದೆ. ಒಂದನ್ನು ಸೊನ್ನೆ ಮಾಡಲು ಎಷ್ಟು ಬಣ್ಣ ಬೇಕು? ಒಂದೇ ಎಳೆತ. ಹದಿನಾರು ಆರಾಯಿತು.

ಮೇಸ್ತ್ರಿ ಬಂದ. ಕತ್ತೆತ್ತಿ ನೋಡಿದ. ಬೆರಳು ಮಡಚಿದ.

"ಬಣ್ಣ ಹಸಿ ಇದ್ದಂಗಿದೆ?"

"ಮಾಸಿತ್ತು. ಮೇಲೊಂದು ಕೋಟು ಹೊಡೆದೆ."

"ಆ ಕೊಠಡೀಲಿ ಅದೇನು ಸದ್ದು?"

ಮಗಳು ಕಬ್ಬಿಣದ ಬಾಗಿಲು ಬಡಿಯುತ್ತಿದ್ದಳು.

"ಮೆಷಿನ್," ಎಂದೆ.

ಅವನು ನನ್ನನ್ನೇ ನೋಡಿದ. "ನೀವು ಎಂಜಿನಿಯರಾ ಸಾರ್?"

"ಹೌದು."

"ಹಂಗಾದ್ರೆ ಸರಿ."

ನಿಲ್ಲಬಹುದು ಅಂತ ಲೆಕ್ಕ ಹಾಕಿದ್ದೆಯಾ ಅಂತ ಕೇಳಬೇಡಿ. ಬೀಳುತ್ತದೆ ಅಂತ ಗೊತ್ತಿತ್ತು. ಅವಳ ಲೆಕ್ಕ ಯಾವತ್ತೂ ತಪ್ಪಿದ್ದಿಲ್ಲ.

ಹನ್ನೆರಡನೇ ಜಾಕಿ ಸಡಿಲವಾದಾಗ ಮೇಲಿನಿಂದ ಮರಳು ಉದುರಿತು. ಮೇಸ್ತ್ರಿಗೆ ಅರ್ಥವಾಯಿತು. ಓಡಲಿಲ್ಲ ಅವನು. ಪಕ್ಕದಲ್ಲಿದ್ದ ಇಬ್ಬರನ್ನು ಹೊರಗೆ ತಳ್ಳಿದ. ಒಳಗೆ ಉಳಿದ ಮೂವರನ್ನು ಕೂಗುತ್ತಿದ್ದ. ಕೂಗು ಅರ್ಧಕ್ಕೆ ನಿಂತಿತು.

ಧೂಳು ಇಳಿಯಲು ಹತ್ತು ನಿಮಿಷ ಬೇಕಾಯಿತು. ಅಷ್ಟರಲ್ಲಿ ಧಣಿ ಪೊಲೀಸರಿಗೆ ಫೋನಿನಲ್ಲಿ ಹೇಳಿಯಾಗಿತ್ತು: ತಾರೀಖು ಬರೆಸುವುದು ಕ್ವಾಲಿಟಿ ಎಂಜಿನಿಯರ್ ಕೆಲಸ, ಹುಡುಗಿಯನ್ನು ಹಿಡಿಯಿರಿ. ನಾನು ಚಿಲಕ ತೆಗೆದು, ಅವಳ ಮುಖ ನೋಡದೆ, ನೇರ ಜೀಪಿನ ಹತ್ತಿರ ನಡೆದೆ. ಬಣ್ಣ ಹತ್ತಿದ ಕೈ ತೋರಿಸಿದೆ. ತಪ್ಪೊಪ್ಪಿಗೆಗೆ ಸಹಿ ಹಾಕಿದೆ. ಯಾರ ಒತ್ತಡವೂ ಇಲ್ಲದೆ ನಾನು ಹಾಕಿದ ಒಂದೇ ಒಂದು ಸಹಿ ಅದು.

ಧಣಿ ಆಸ್ಪತ್ರೆಯಲ್ಲಿದ್ದಾನೆ. ಎದೆನೋವಂತೆ. ಜಾಮೀನು ಸಿಗುವವರೆಗೂ ನೋಯುತ್ತದೆ.

ಈಗ ನಿಮ್ಮ ಉಪಾಯಕ್ಕೆ ಬರೋಣ. ಮಗಳನ್ನು ಸಾಕ್ಷಿಗೆ ಕರೆಯುತ್ತೇನೆ, 'ಅಪ್ಪ ನನ್ನ ಜೀವ ಉಳಿಸಲು ಮಾಡಿದರು' ಎಂದು ಹೇಳಿಸುತ್ತೇನೆ, ಶಿಕ್ಷೆ ಕಡಿಮೆಯಾಗುತ್ತದೆ ಅಂದಿರಿ. ಅವಳು ನಿನ್ನೆ ಇಲ್ಲಿಗೆ ಬಂದಿದ್ದಳು. ಸತ್ತವರ ನಾಲ್ಕೂ ಮನೆಗೆ ಹೋಗಿ ಬಂದಿದ್ದಳಂತೆ. ಚಪ್ಪಲಿ ತುಂಬ ಧೂಳು.

"ಊಟ ಮಾಡಿದ್ಯಾ ಪುಟ್ಟಿ?" ಕೇಳಿದೆ.

ಕಂಬಿಯಾಚೆ ನಿಂತೇ ಇದ್ದಳು.

"ಸತ್ತೋರು ಎಷ್ಟು ಜನ ಅಂತ ಬರ್ಕೊಂಡಿದ್ದಾರೆ?" ಅಂದಳು.

"ನಾಲ್ಕು."

"ಕೇಳಿದೋರಿಗೆಲ್ಲ ನಾನು ಐದು ಅಂತಿದ್ದೀನಿ."

ಅಷ್ಟೇ. ಹೊರಟುಹೋದಳು.

ನಾಲ್ವರ ಹೆಸರು ಪೊಲೀಸರ ಪಟ್ಟಿಯಲ್ಲಿದೆ, ವಕೀಲರೇ. ನೀವು ಕೇಸು ನಡೆಸುತ್ತಿರುವುದು ಐದನೆಯವನದು.